ಹನ್ನೊಂದು ವರ್ಷ ಮಾಗದ ದಿನ

ತುಡಿತಶಾಮಕ ಕೆಲಸ ಮಾಡುವಾಗ ಸದ್ದೇ ಇರುವುದಿಲ್ಲ. ಫಕೀರಪ್ಪ ಕಮ್ಮಾರನ ತಲೆಯ ಮೇಲೆ ಕೂತಿದ್ದ ಬಲೆಯಂಥ ಟೊಪ್ಪಿಗೆ ಒಂದು ಕರವಸ್ತ್ರದಷ್ಟು ಹಗುರವಾಗಿತ್ತು. ಅದರ ಎಳೆಗಳಲ್ಲಿ ಹೊಸೆದಿದ್ದ ನಾಲ್ಕು ಸಾವಿರ ಧ್ವನಿಬಿಂದುಗಳು, ಮನುಷ್ಯನ ಕಿವಿಗೆ ನಿಲುಕದ ಅಲೆಗಳನ್ನು ಅವನ ಮೆದುಳಿನ ಆಳಕ್ಕೆ ಕಳಿಸುತ್ತಿದ್ದವು. ಎದುರಿನ ಗೋಡೆಯ ಮೇಲೆ ಅದೇ ಮೆದುಳು ಆಳೆತ್ತರಕ್ಕೆ ಮೂಡಿ, ಬೆಳಕಿನ ಎಳೆಗಳಿಂದ ಮಿಣುಗುಟ್ಟುತ್ತಿತ್ತು.

ಹುಬ್ಬಳ್ಳಿಯ ಚಿಕಿತ್ಸಾಲಯಕ್ಕೆ ಕುಡಿತದ ತುಡಿತ ಆರಿಸುವ ಈ ಯಂತ್ರ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಅದನ್ನು ರೂಪಿಸಿದ ತಂಡದಲ್ಲಿದ್ದ ಡಾಕ್ಟರ್ ವೈಜಯಂತಿ ಹೆಬ್ಬಾರ್, ಫಕೀರಪ್ಪನ ಹೆಂಡತಿ ದಾಕ್ಷಾಯಣಿಯನ್ನೂ ಮಗಳು ಅನ್ನಪೂರ್ಣೆಯನ್ನೂ ಗೋಡೆಯ ಹತ್ತಿರಕ್ಕೆ ಕರೆದರು.

"ಆ ಕೆಂಪು ಹಗ್ಗದಂಥದ್ದು ಕಾಣಿಸ್ತಿದೆಯಲ್ಲ, ಅದಕ್ಕೆ ನಾವು ತುಡಿತಪಥ ಅಂತೇವೆ. ಹುಲ್ಲಿನ ಮೇಲೆ ದಿನಾ ನಡೆದರೆ ಕಾಲುದಾರಿ ಬೀಳ್ತದಲ್ಲ, ಹಾಗೆ. ಕುಡಿದಷ್ಟೂ ದಾರಿ ಅಗಲವಾಗ್ತದೆ. ಆಮೇಲೆ ಮನಸ್ಸು ಎತ್ತ ಹೊರಟರೂ ಕಾಲು ಆ ದಾರಿಗೇ ಬೀಳ್ತದೆ."

ದಾಕ್ಷಾಯಣಿ ಗೋಡೆಯನ್ನೇ ನೋಡಿದಳು. ಆ ಕೆಂಪು ಹಗ್ಗ ಅವಳ ತೋಳಿಗಿಂತ ದಪ್ಪವಾಗಿತ್ತು.

"ಇಷ್ಟ ದಪ್ಪ ಐತೇನ್ರೀ ಒಳಗ? ನಾನು ಇವರದು ಸೊಕ್ಕು ಅಂತ ತಿಳದಿದ್ದೆ."

"ಇನ್ನು ನಲವತ್ತು ನಿಮಿಷ. ನೋಡ್ತಾ ಇರಿ."

ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೆಂಪು ಮಾಸುತ್ತ ಮಾಸುತ್ತ ಸಂಜೆಯ ಕೊನೆಯ ಮೋಡದಂತೆ ಕರಗಿತು. ಸಹಾಯಕಿ ಹತ್ತಿಯ ಉಂಡೆಯೊಂದಕ್ಕೆ ಸಾರಾಯಿ ತೋಯಿಸಿ ಫಕೀರಪ್ಪನ ಮೂಗಿನ ಬಳಿ ಹಿಡಿದಳು. ಗೋಡೆಯ ಮೇಲೆ ಏನೂ ಅಲುಗಲಿಲ್ಲ. ಹನ್ನೊಂದು ವರ್ಷ ಒಂದು ಮನೆಯನ್ನು ಆಳಿದ್ದು ಹಾಗೆ ಹೋಗಿಬಿಟ್ಟಿತು. ಅನ್ನಪೂರ್ಣೆ ಅವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಆದರೆ ಕೆಂಪು ಕರಗಿದ ಜಾಗದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಬಿಳಿಯ ಬಿಂದುವೊಂದು ಉರಿಯುತ್ತಿತ್ತು.

"ಅದೇನ್ರೀ?" ಎಂದು ಅನ್ನಪೂರ್ಣೆ ಕೇಳಿದಳು.

ವೈಜಯಂತಿ ಮುಂದಕ್ಕೆ ಬಾಗಿ ನೋಡಿ, "ಗೊತ್ತಿಲ್ಲಮ್ಮ" ಎಂದರು.

ಫಕೀರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಗಾಲಿಯ ಮೇಲೆ ಅಂಗೈ ಇಟ್ಟು ಅದರ ಒಳಗಿನ ಬಿರುಕು ಹೇಳುತ್ತಿದ್ದ. ಬಸ್ಸುಗಳಲ್ಲಿ ಇನ್ನೂ ಕಂಡಕ್ಟರುಗಳಿದ್ದ, ಹನ್ನೊಂದು ವರ್ಷದ ಹಿಂದಿನ ಆ ಕಾಲದಲ್ಲಿ ದಾಕ್ಷಾಯಣಿ ವಿಜಯಪುರದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಅನ್ನಪೂರ್ಣೆಗೆ ಹತ್ತು ವರ್ಷ, ಕಿರಿಯವಳು ಕುಸುಮಾಳಿಗೆ ಆರು. ಒಂದು ದಿನ ಮಧ್ಯಾಹ್ನ, ದಾಕ್ಷಾಯಣಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದಾಗ, ಕುಸುಮಾಳಿಗೆ ಎರಡು ದಿನದಿಂದ ಇದ್ದ ಜ್ವರ ವಿಪರೀತಕ್ಕೇರಿತು. ಫಕೀರಪ್ಪ ಅವಳನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದ. ತಾಯಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೂಸು ಹೋಗಿತ್ತು.

ಮಣ್ಣು ಮಾಡಿ ಬಂದ ದಿನವೇ ಅವನು ಕುಡಿದ. ಆಮೇಲೆ ನಿಲ್ಲಿಸಲಿಲ್ಲ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. "ಗಾಡ್ಯಾಗ ಏನರ ಮಾತಾಡಿದ್ಲೇನ್ರೀ? ನನ್ನ ಕೇಳಿದ್ಲೇನು?" ಎಂದು ದಾಕ್ಷಾಯಣಿ ಮೊದಮೊದಲು ಕೇಳುತ್ತಿದ್ದಳು. ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ, ತೂರಾಡುತ್ತ ಬರುತ್ತಿದ್ದ. ಕಡೆಗೆ ಅವಳು ಕೇಳುವುದನ್ನು ಬಿಟ್ಟಳು. ಅವನ ಕೆಲಸ ಹೋಯಿತು, ಬಳಗ ದೂರವಾಯಿತು. ಅಪ್ಪ ಯಾವ ಬೀದಿಯಲ್ಲಿ ಬಿದ್ದಿರಬಹುದೆಂದು ಅಂದಾಜು ಮಾಡುವುದನ್ನು ಅನ್ನಪೂರ್ಣೆ ಶಾಲೆಯ ಪಾಠಕ್ಕಿಂತ ಚೆನ್ನಾಗಿ ಕಲಿತಳು. ತಾಯಿ ಮಗಳು ಅತ್ತರು, ಕೂಸಿನ ಬಗ್ಗೆ ಎಷ್ಟೋ ಸಲ ಮಾತಾಡಿಕೊಂಡರು, ನಿಧಾನವಾಗಿ ಬದುಕಿಗೆ ಮರಳಿದರು.

ಚಿಕಿತ್ಸೆಯಾದ ಮೂರನೆಯ ಬೆಳಿಗ್ಗೆ ಫಕೀರಪ್ಪ ಚಹಾದ ಕಪ್ಪು ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಕೈ ನಡುಗುತ್ತಿರಲಿಲ್ಲ. ಒಮ್ಮೆಲೇ ಕಪ್ಪು ಕೆಳಗಿಟ್ಟು, "ದಾಕ್ಷಾಯಣೀ, ಕೂಸು ಹೋತಲ್ಲಽ!" ಎಂದ.

ಅವಳಿಗೆ ಅರ್ಥವಾಗಲಿಲ್ಲ. "ಯಾವ ಕೂಸ್ರೀ?"

"ನಮ್ಮ ಕುಸುಮಾ! ಈಗ ಎತ್ತಗೊಂಡಿದ್ನಲ್ಲಾ, ಮೈ ಇನ್ನೂ ಬೆಚ್ಚಗಿತ್ತಲ್ಲಾ!"

ಓಣಿಯ ಜನ ಬಾಗಿಲಿಗೆ ಬಂದು ನಿಲ್ಲುವಂತೆ ಅವನು ಅತ್ತ. ಎರಡು ದಿನ ಅನ್ನ ಮುಟ್ಟಲಿಲ್ಲ. ಸಾವು ನಡೆದು ಹನ್ನೊಂದು ವರ್ಷವಾಯಿತೆಂಬುದು ಅವನಿಗೆ ಗೊತ್ತಿತ್ತು. ಆದರೆ ಒಳಗಿನ ಯಾವುದೋ ಒಂದಕ್ಕೆ ಅದು ಗೊತ್ತಿರಲಿಲ್ಲ. ತಮ್ಮ ಅಳುವನ್ನು ಎಂದೋ ಅತ್ತು ಮುಗಿಸಿದ್ದ ಆ ಇಬ್ಬರು ಹೆಂಗಸರು ಏನು ಮಾಡಬೇಕೆಂದು ತಿಳಿಯದೆ ಅವನನ್ನು ಮತ್ತೆ ಚಿಕಿತ್ಸಾಲಯಕ್ಕೆ ಕರೆತಂದರು.

ವೈಜಯಂತಿ ಈ ಸಲ ಶಾಮಕವನ್ನು ಚಾಲೂ ಮಾಡದೆ, ಮೆದುಳನ್ನು ಬರೀ ತೋರಿಸುವ ಬಲೆಯನ್ನು ಅವನ ತಲೆಗೆ ತೊಡಿಸಿದರು. ಬಿಳಿಯ ಬಿಂದು ಹಿಂದಿಗಿಂತ ಪ್ರಖರವಾಗಿತ್ತು. ಬಹಳ ಹೊತ್ತು ನೋಡಿ ಅವರು ಹೇಳಿದರು:

"ನೆನಪು ಪ್ರತಿ ಸಲ ಮೇಲೆ ಬಂದಾಗಲೂ ಸ್ವಲ್ಪ ಸವೆದು, ಸ್ವಲ್ಪ ಬದಲಾಗಿ ಒಳಕ್ಕೆ ಹೋಗ್ತದೆ. ಸಾವಿರ ಸಲ ಹಾಗಾದ ಮೇಲೆ ಅದು ಮಾಗ್ತದೆ. ನಿಮ್ಮಿಬ್ಬರದು ಮಾಗಿದೆ. ಇವರದು ಮೇಲೆ ಬರುವ ಹೊತ್ತಿಗೆ ಪ್ರತಿ ಸಲವೂ ಮದ್ಯ ಬಂದು ಅದನ್ನು ಹಾಗೇ ಒಳಕ್ಕೆ ನೂಕಿದೆ. ಅಮ್ಮಾ, ಆ ದಿನ ಇವರೊಳಗೆ ಪೂರ್ತಿ ಹಸಿಯಾಗಿ ಉಳಿದಿದೆ. ಹನ್ನೊಂದು ವರ್ಷ! ಇಂಥದ್ದನ್ನು ನಾನು ಯಾವತ್ತೂ ನೋಡಿಲ್ಲ."

"ಅಪ್ಪ ಮತ್ತ ಕುಡೀತಾನೇನ್ರೀ?" ಎಂದು ಅನ್ನಪೂರ್ಣೆ ಕೇಳಿದಳು.

"ಈ ನೋವು ಹೀಗೇ ಇದ್ದರೆ ಹಾದಿ ಮತ್ತೆ ಬೀಳಬಹುದು. ಬೇಕಾದರೆ ಇದೇ ಯಂತ್ರದಿಂದ ಈ ಬಿಂದುವನ್ನೂ ಶಮನ ಮಾಡಬಹುದು. ಇಪ್ಪತ್ತು ನಿಮಿಷ ಸಾಕು. ಆಮೇಲೆ ಆ ದಿನ ಇವರಿಗೆ ನೋಯುವುದಿಲ್ಲ. ಸ್ಪಷ್ಟವಾಗಿ ನೆನಪೂ ಇರುವುದಿಲ್ಲ."

ದಾಕ್ಷಾಯಣಿ ಗಂಡನ ಎದುರು ಸ್ಟೂಲು ಎಳೆದುಕೊಂಡು ಕೂತಳು. "ಹೂಂ ಅನ್ನೂಕಿಂತ ಮೊದಲ ನನಗೊಂದು ಹೇಳ್ರಿ. ಗಾಡ್ಯಾಗ ಕೂಸು ಏನಂತು?"

ಫಕೀರಪ್ಪ ಕಣ್ಣು ಮುಚ್ಚಿದ. ಆಮೇಲೆ ಅವನ ಬಾಯಿಂದ ಬಂದದ್ದು ನೆನಪು ಮಾಡಿಕೊಂಡು ಹೇಳುವ ಮಾತಿನಂತಿರಲಿಲ್ಲ. ಕಣ್ಣೆದುರಿನದನ್ನು ನೋಡಿ ಹೇಳುವಂತಿತ್ತು.

"ಎಚ್ಚರ ಇದ್ಲು. 'ಅವ್ವ ಈಗ ಯಾವ ಊರಿಗೆ ಬಂದಾಳಪಾ?' ಅಂದ್ಲು. ಕೊಲ್ಹಾರಕ್ಕ ಬಂದಿರಬೇಕು ಅಂದೆ. 'ಹೊಳಿ ಮ್ಯಾಲಿನ ಬ್ರಿಜ್ಜಿಗೇನು?' ಹೂಂ ಅಂದೆ. 'ಹಂಗಾರ ಟಿಕೆಟ್ ಕೊಡೂದು ಬಿಟ್ಟು ಕಿಟಕ್ಯಾಗ ನೋಡಕೋಂತ ನಿಂತಿರ್ತಾಳ. ಹೊಳಿ ಬಂದ್ರ ಅವ್ವಗ ಭಾಳ ಖುಷಿ' ಅಂತ ನಕ್ಕಳು."

ದಾಕ್ಷಾಯಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೂಸನ್ನು ಒಂದೇ ಒಂದು ಸಲ ಆ ಬಸ್ಸಿನಲ್ಲಿ ಕರೆದೊಯ್ದಿದ್ದಳು. ಕೂಸು ತನ್ನನ್ನು ಅಷ್ಟು ನೋಡಿತ್ತೆಂದು ಅವಳಿಗೆ ತಿಳಿದಿರಲಿಲ್ಲ.

"ಆಮ್ಯಾಲೆ ಕಿವ್ಯಾಗ ಬಾಯಿಟ್ಟು, 'ಅಕ್ಕ ಮುಂಜಾನೆ ಐಸ್‌ಕ್ಯಾಂಡಿ ಕೊಟ್ಟಿದ್ಲು. ಗಂಟಲ ತಂಪಾತು. ಅವ್ವಗ ಹೇಳಬ್ಯಾಡ, ಅಕ್ಕಗ ಬೈತಾಳ' ಅಂದ್ಲು."

ಅನ್ನಪೂರ್ಣೆ ಅಪ್ಪನ ಕಾಲ ಬಳಿ ಬಂದು ಕೂತಳು. "ಅಪ್ಪಾ, ಅದರಿಂದನ ಅಕಿ ಸತ್ಲು! ನಾ ಯಾರಿಗೂ ಹೇಳಿಲ್ಲ. ನಾನ ಕೊಂದೆ ಅಂತ..."

"ಯಾರು ಹೇಳ್ಯಾರ ನಿನಗ?" ಫಕೀರಪ್ಪ ಕಣ್ಣು ತೆರೆದ. "ಜ್ವರ ಮಿದುಳಿಗೆ ಏರಿ ಎರಡು ದಿನಾ ಆಗಿತ್ತಂತ. ಆಸ್ಪತ್ರ್ಯಾಗ ಡಾಕ್ಟರು ನನಗ ಹೇಳಿದ್ರು. ಸಾದಾ ಜ್ವರ ಅಂತ ಎರಡು ದಿನಾ ಮನ್ಯಾಗ ಇಟಗೊಂಡಾಂವ ನಾನು. ಗಾಲಿ ಮುಟ್ಟಿ ಬಿರುಕು ಹೇಳಾಂವಗ ಕೂಸಿನ ಹಣಿ ಮುಟ್ಟಿ ತಿಳೀಲಿಲ್ಲ."

"ನಾನೂ ಮುಟ್ಟೀನ್ರೀ," ಎಂದಳು ದಾಕ್ಷಾಯಣಿ. "ಆ ಎರಡು ದಿನಾ ನಾನೂ ಮನ್ಯಾಗ ಇದ್ದೆ. ಮೂರನೇ ದಿನಾ ಹಣಿ ಮುಟ್ಟಿ ನೋಡಿ ಡ್ಯೂಟಿಗೆ ಹೋದೆ."

ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಒಂದೇ ಮನೆಯಲ್ಲಿದ್ದು ಹನ್ನೊಂದು ವರ್ಷ ಒಬ್ಬೊಬ್ಬರೇ ಹೊತ್ತಿದ್ದನ್ನು ಅವರು ಅಂದು ಮೊದಲ ಸಲ ನೆಲಕ್ಕಿಳಿಸಿದ್ದರು.

ವೈಜಯಂತಿ ಗೋಡೆಯತ್ತ ತಿರುಗಿ ಹಾಗೆಯೇ ನಿಂತುಬಿಟ್ಟರು. ಬಿಳಿಯ ಬಿಂದು ಅರಳುತ್ತಿತ್ತು. ಕೂದಲೆಳೆಗಿಂತ ತೆಳುವಾದ ಬೆಳಕು ಅದರಿಂದ ಹೊರಟು ಒಂದು ದಿಕ್ಕಿಗೆ ಹೋಯಿತು, ಮತ್ತೊಂದು ಇನ್ನೊಂದು ದಿಕ್ಕಿಗೆ. ನೋಡನೋಡುತ್ತ ನೂರಾರು ಎಳೆಗಳು ಮೆದುಳಿನ ಉದ್ದಗಲಕ್ಕೆ ಹಬ್ಬಿದವು. ಕಾದ ಕಬ್ಬಿಣದ ಬಿಳುಪು ಹೋಗಿ ಮೆಲ್ಲನೆ ಹೊಂಬಣ್ಣ ತಿರುಗಿತು. ಯಾವ ಯಂತ್ರವೂ ಅದನ್ನು ಮುಟ್ಟಿರಲಿಲ್ಲ. ಒಬ್ಬ ಹೇಳಿದ್ದ, ಇಬ್ಬರು ಕೇಳಿದ್ದರು, ಅಷ್ಟೆ. ಹದಿನಾರು ವರ್ಷ ಮೆದುಳನ್ನೇ ಓದಿದ್ದ ವಿಜ್ಞಾನಿಯ ಮೈ ಜುಮ್ಮೆಂದಿತು. ಇದನ್ನು ನೋಡುವ ಹಕ್ಕು ತನಗಿಲ್ಲವೆನಿಸಿ ಅವರು ಪರದೆ ಆರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದರು.

ಸಂಜೆ ವೈಜಯಂತಿ ಆ ಬಿಂದುವನ್ನು ಶಮನ ಮಾಡುವ ಬಗ್ಗೆ ಮತ್ತೆ ಕೇಳಿದಾಗ ಫಕೀರಪ್ಪ ಅಡ್ಡಡ್ಡ ತಲೆಯಾಡಿಸಿದ. "ಬ್ಯಾಡ್ರೀ ಡಾಕ್ಟರ್. ಅದನ್ನ ತಗದ್ರ ಆ ಗಾಡ್ಯಾಗ ಕೂಸು ಒಂದ ಉಳೀತೈತಿ."

ಬೇರೆ ಊರುಗಳಿಂದಲೂ ಇಂಥವೇ ಸುದ್ದಿ ಬರತೊಡಗಿದವು. ತುಡಿತ ಕರಗಿದವರ ಒಳಗಿಂದ ತಮ್ಮನ ಸಾವು, ಮುರಿದ ಮದುವೆ, ಅಪ್ಪ ಮನೆ ಬಿಟ್ಟುಹೋದ ದಿನ, ಹೀಗೆ ಒಂದೊಂದು ಹಸಿ ದಿನ ಮೇಲೆದ್ದು ಬರುತ್ತಿತ್ತು. ಕೆಲವರು ತಾಳಲಾರದೆ ಮತ್ತೆ ಕುಡಿತಕ್ಕೆ ಬಿದ್ದರು. ಮನೆಯವರು ಬಂದು ಎದುರಿಗೆ ಕೂತವರಲ್ಲಿ ಹೆಚ್ಚಿನವರು ಉಳಿದರು. ಹುಬ್ಬಳ್ಳಿಯ ಚಿಕಿತ್ಸಾಲಯದಲ್ಲಿ ಎರಡನೆಯ ಶಾಮಕಕ್ಕೆಂದು ಕಟ್ಟಿದ ಕೋಣೆಗೆ ಯಂತ್ರ ತರಿಸಲೇ ಇಲ್ಲ. ಅಲ್ಲಿ ಚಾಪೆ ಹಾಸಿ, ಚಹಾ ಇಟ್ಟು, ಕುಟುಂಬಗಳಿಗೆ ಬಿಟ್ಟುಕೊಟ್ಟರು.

ಫಕೀರಪ್ಪ ತಿಂಗಳುಗಟ್ಟಲೆ ಮಾತಾಡಿದ. ತಾಯಿ ಮಗಳಿಗೆ ಎಂದೋ ಅಳಿಸಿಹೋಗಿದ್ದ ಕೂಸಿನ ತೊದಲು, ಕೋಪ, ಮಗ್ಗಿ ಹೇಳುವ ರಾಗ ಎಲ್ಲವನ್ನೂ ಆ ಮನೆಗೆ ಅವನು ತಿರುಗಿ ತಂದುಕೊಟ್ಟ.

ಮುಂದಿನ ಶ್ರಾವಣದ ಒಂದು ಮಧ್ಯಾಹ್ನ ಅವನು ಗಾಬರಿಯಿಂದ ಅಡುಗೆಮನೆಗೆ ಬಂದ. ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು.

"ಕುಸುಮಾಂದು ಮುಂದಿನ ಹಲ್ಲು ಬಿದ್ದಿತ್ತಲ್ಲ, ಅದು ಎಡಗಡೆದೋ ಬಲಗಡೆದೋ? ಮುಂಜಾನಿಂದ ನೆನಸಾಕ ಹತ್ತೀನಿ, ನೆನಪ ಆಗವಲ್ದು. ಅಕಿ ನನ್ನ ಕೈಯಿಂದ ಜಾರಾಕ ಹತ್ಯಾಳ ದಾಕ್ಷಾಯಣೀ."

ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ನನಗೂ ನೆನಪಿಲ್ಲರೀ. ಅನ್ನಪೂರ್ಣೆಗೂ ಇಲ್ಲ. ಹೆದರಬ್ಯಾಡ್ರಿ," ಎಂದಳು. "ಇಷ್ಟು ವರ್ಷ ನೀವೊಬ್ಬರ ಆ ಗಾಡ್ಯಾಗ ಕೂತಿದ್ರಿ. ಈಗ ಇಳದು ನಮ್ಮ ಕಡೆ ಬಂದೀರಿ."