ಅರ್ಧ ಕೊಯ್ದ ಕೊಂಬೆ

ಇನ್ಸ್‌ಪೆಕ್ಟರ್ ಸುಚಿತ್ರಾ ಜೀಪಿನಿಂದ ಇಳಿದಾಗ ವಿದ್ಯಾರಣ್ಯಪುರಂನ ಆ ಮನೆಯ ಅಂಗಳದಲ್ಲಿ ಒಂದು ಹೆಣವಿತ್ತು, ಎರಡನೆಯದು ಆಗುವುದರಲ್ಲಿತ್ತು.

ಹೆಣ ಮನೆಯ ಯಜಮಾನ ಅನಂತಪದ್ಮನಾಭನವರದು. ಹಳೆಯ ಹಲಸಿನ ಮರದ ಭಾರಿ ಕೊಂಬೆಯೊಂದು ಬೆನ್ನಿನ ಮೇಲೆ ಬಿದ್ದಿತ್ತು. ತಲೆ ಒಡೆದಿತ್ತು. ಕೂತಿದ್ದ ಕುರ್ಚಿ ಚಪ್ಪಟೆ. ಸುತ್ತ ಸಿಡಿದ ಹಲಸಿನಕಾಯಿಗಳು.

ಎರಡನೆಯವನು ಮರ ಕಡಿಯುವ ನಂಜಯ್ಯ. ಆರೇಳು ಜನ ಅವನನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದು ಬಡಿಯುತ್ತಿದ್ದರು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ನಂಜಯ್ಯ ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೇಲೆ ಅದು ಬಿತ್ತು—ಮೂಳೆ ಮುರಿದ ಸದ್ದು ಜೀಪಿನವರೆಗೆ ಕೇಳಿಸಿತು.

ಸುಚಿತ್ರಾ ಕೂಗಲಿಲ್ಲ. ಓಡಿ ಬಂದು ಸಲಾಕೆಯವನ ಮಣಿಕಟ್ಟಿಗೆ ಲಾಠಿ ಬೀಸಿದಳು. ಸಲಾಕೆ ನೆಲಕ್ಕುರುಳಿತು.

"ಇವನೇ ಮೇಡಂ ಕೊಂದಿದ್ದು! ಕೊಂಬೆ ಅರ್ಧ ಕುಯ್ದು ಹಂಗೇ ಬುಟ್ಟೋಗಿದ್ದ!"

"ಇನ್ನೊಬ್ಬ ಕೈ ಎತ್ತಿದ್ರೆ ಅವನ ಕೈನೂ ಹೀಗೇ ಮುರಿಯುತ್ತೆ," ಎಂದಳು ಸುಚಿತ್ರಾ. "ಗೇಟಿಂದಾಚೆ ನಡೀರಿ!"

ಎಎಸ್‌ಐ ಕೃಷ್ಣಪ್ಪ ಜನರನ್ನು ಹೊರಗೆ ದಬ್ಬಿದ. ನಂಜಯ್ಯ ಕಂಬದ ಬುಡದಲ್ಲಿ ಕುಸಿದು ಕೂತ. ಅವನ ತಲೆಗೆ ಆಗಲೇ ಬ್ಯಾಂಡೇಜ್ ಇತ್ತು. ಅದರ ಮೇಲೆ ಹೊಸ ರಕ್ತ ಇಳಿಯುತ್ತಿತ್ತು.

"ತಲೆಗೆ ಪಟ್ಟಿ ಯಾರು ಕಟ್ಟಿದ್ದು ನಂಜಯ್ಯ?"

"ಡಾಕ್ಟ್ರವ್ವ. ಬೆಳಿಗ್ಗೆ ಅಯ್ನೋರು ದೊಣ್ಣೇಲಿ ಒಡೆದ್ರು. ಕ್ಲಿನಿಕ್ಕಲ್ಲಿ ಸಾಲಲ್ಲಿ ಕಾದು ಕಾದು ಒಲಿಗೆ ಆಕಿಸ್ಕೊಂಡು, ಬುಟ್ಟೋಗಿದ್ದ ಕೊಡ್ಲಿ-ಗರಗಸ ತಕ್ಕೊಂಡೋಗವಾ ಅಂತ ಬಂದೆ. ಬಂದ್ರೆ ಇಂಗೆ…"

"ಕೊಂಬೆ ಯಾಕೆ ಬಿತ್ತು?"

"ಬೀಳಾಕಿಲ್ಲ ಕಣವ್ವ! ಮ್ಯಾಲಿನ ಕವಲಿಗೆ ಅಗ್ಗ ಆಯ್ಸಿ, ಬುಡದಲ್ಲಿ ಜೀರುಗುಣಿಕೆ ಬಿಗಿದಿದ್ದೆ. ಯಾರಾರ ತುದಿ ಇಡಿದು ಎಳೀದೆ ಅದು ಬಿಚ್ಕೊಳ್ಳಾಕಿಲ್ಲ."

ಆಂಬುಲೆನ್ಸ್ ಅವನನ್ನು ಒಯ್ದಿತು. ಕೃಷ್ಣಪ್ಪ ಕ್ಲಿನಿಕ್ಕಿಗೆ ಫೋನ್ ಮಾಡಿದ. ಬೀದಿಯವರಿಗೆ ಕೊಂಬೆ ಬಿದ್ದ ಸದ್ದು ಕೇಳಿದಾಗ ನಂಜಯ್ಯ ಡಾಕ್ಟರ ಮುಂದೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ.

"ಅಂದ್ರೆ ಆಕಸ್ಮಿಕ ಮೇಡಂ. ಇವನ ತಪ್ಪು ಬರೀ ನಿರ್ಲಕ್ಷ್ಯ," ಎಂದ ಕೃಷ್ಣಪ್ಪ.

ಸುಚಿತ್ರಾ ಮರದ ಬುಡಕ್ಕೆ ನಡೆದಳು. ಎಂಥ ಮರ! ಅರಮನೆ ಕೆಲಸದಲ್ಲಿದ್ದ ಅನಂತಪದ್ಮನಾಭನವರ ಅಜ್ಜ ನೆಟ್ಟದ್ದಂತೆ. ಈಗ ಬುಡ ಪೊಳ್ಳಾಗಿ, ಬಿರುಕಿನಲ್ಲಿ ಅಣಬೆ ಎದ್ದಿತ್ತು. ಹೊರೆ ಹೊತ್ತ ಎರಡು ಕೊಂಬೆ ಇಳಿಸಿದರೆ ಮರವೂ ಉಳಿಯುತ್ತದೆ, ಮನುಷ್ಯರೂ ಉಳಿಯುತ್ತಾರೆ ಎಂದು ಮರ ಪರೀಕ್ಷಿಸಲು ಬಂದವರು ಹಿಂದೆಯೇ ಹೇಳಿಹೋಗಿದ್ದರು. ಯಜಮಾನರು ಕೇಳಲಿಲ್ಲ. ಯುಗಾದಿ ಕಳೆದ ಮರುವಾರ ಬೀಸಿದ ಗಾಳಿಗೆ ಒಂದು ಕೊಂಬೆ ಮುರಿದು, ಪಕ್ಕದ ಮನೆಯ ಲಹರಿ ಎಂಬ ಎಂಟು ವರ್ಷದ ಹುಡುಗಿಯನ್ನು ಜಜ್ಜಿ ಕೊಂದಿತ್ತು. ಈಗ ಬಿದ್ದಿರುವುದು ಎರಡನೆಯ ಕೊಂಬೆ.

ಹಗ್ಗ ನೆಲದ ಮೇಲೆ ಹಾವಿನಂತೆ ಬಿದ್ದಿತ್ತು. ಎಲ್ಲೂ ತುಂಡಾಗಿರಲಿಲ್ಲ. ತುದಿಗೆಲ್ಲ ಹಲಸಿನ ಮೇಣ; ಮೇಣಕ್ಕೆ ಗರಗಸದಿಂದ ಉದುರಿದ ಹಳದಿ ಹೊಟ್ಟು ಮೆತ್ತಿತ್ತು. ಪಕ್ಕದಲ್ಲೇ ನಂಜಯ್ಯನ ಕೊಡಲಿ. ಅಲಗು, ಹಿಡಿ ಎಲ್ಲ ಅಂಟು ಅಂಟು. ಹಿಂಬದಿ ಮಾತ್ರ ಫಳಫಳ ಅನ್ನುತ್ತಿತ್ತು.

ಅವಳು ಹೆಣದ ತಲೆಯ ಬಳಿ ಮಂಡಿಯೂರಿ ಬಹಳ ಹೊತ್ತು ನೋಡಿದಳು.

"ಕೃಷ್ಣಪ್ಪ, ಪಕ್ಕದ ಮನೆಯವರನ್ನ ಕರೀರಿ."

ಲಹರಿಯ ತಂದೆ ವಿಜಯ್‌ಕುಮಾರ್ ಬಂದ. ಲಷ್ಕರ್ ಮೊಹಲ್ಲಾದಲ್ಲಿ ಅವನಿಗೊಂದು ಸೈಕಲ್ ರಿಪೇರಿ ಅಂಗಡಿ. ಹೆಣವನ್ನು ಕಂಡು ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಇವರನ್ನ ಕೊಚ್ಚಿ ಹಾಕ್ತೀನಿ ಅಂತ ಬೀದಿಯಲ್ಲಿ ನಿಂತು ಕೂಗಿದ್ರಂತೆ?"

"ಕೂಗಿದ್ದೆ. ಮಚ್ಚು ತಗೊಂಡು ಈ ಗೇಟಿಗೂ ಬಂದಿದ್ದೆ. ನನ್ನ ಹೆಂಡ್ತಿ ಕಾಲು ಕಟ್ಕೊಂಡು ಎಳ್ಕೊಂಡೋದ್ಲು."

"ಇವತ್ತು ಮಧ್ಯಾಹ್ನ ಎಲ್ಲಿದ್ರಿ?"

"ಮನೆಗೆ ಊಟಕ್ಕೆ ಬಂದಿದ್ದೆ. ಸದ್ದು ಕೇಳಿ ಓಡಿಬಂದೆ. ಸತ್ತೋಗಿದ್ದ." ಹೆಣದ ಕಡೆ ಗದ್ದ ತೋರಿಸಿ ಹೇಳಿದ: "ಕಣ್ಣು ತುಂಬ ನೋಡ್ದೆ ಮೇಡಂ."

"ಕೈ ತೋರಿಸಿ."

ಅಂಗೈಯಲ್ಲಿ ಗ್ರೀಸಿನ ಕಪ್ಪು. ಉಗುರಿನ ಸಂದಿಯಲ್ಲಿ ಹಳೆಯ ಕೊಳೆ. ಬೇರೇನೂ ಇಲ್ಲ.

"ನೀವು ಇಲ್ಲೇ ಇರಿ."

ಸತ್ತವರ ಹೆಂಡತಿ ನಾಗಮಣಿ ಜಗುಲಿಯ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಅರವತ್ತು ದಾಟಿದ ಹೆಂಗಸು. ಮಕ್ಕಳಿಲ್ಲ. ಬೀದಿಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಕಣ್ಣು ಒಣಗಿತ್ತು.

"ನಂಜಯ್ಯನ್ನ ಕರೆಸಿದ್ದು ಯಾರಮ್ಮ?"

"ನಾನೇ. ಕೊಂಬೆ ತೆಗೆಯೋಕೆ ಅರಣ್ಯ ಇಲಾಖೆಯಿಂದ ಅಪ್ಪಣೆ ಬಂದಿತ್ತು. ಇವರು ಹೊರಗೆ ಹೋಗಿದ್ದಾಗ ಹತ್ತಿಸಿದೆ. ಅರ್ಧ ಆಗಿತ್ತು, ಬಂದುಬಿಟ್ರು. ಕೆಳಗೆ ಇಳಿಸಿ ದೊಣ್ಣೇಲಿ ಹೊಡೆದ್ರು."

"ಆಮೇಲೆ?"

"ಊಟ ಮಾಡಿದ್ರು. ನನ್ನ ಮರ ನನ್ನನ್ನೇನು ಮಾಡುತ್ತೆ ಅಂತ ಅದರ ಕೆಳಗೇ ಕುರ್ಚಿ ಹಾಕ್ಕೊಂಡು ಕೂತ್ರು. ನಾನು ದೇವರ ಕೋಣೆಯಲ್ಲಿದ್ದೆ. ಧಡ್ ಅಂತ ಸದ್ದಾಯ್ತು."

"ಓಡಿ ಹೋದ್ರಾ?"

"ಜಗುಲಿವರೆಗೆ ಬಂದೆ. ಮುಂದಕ್ಕೆ ಕಾಲು ಬರಲಿಲ್ಲ."

"ಬೆಳಿಗ್ಗೆ ಮರದ ಹತ್ತಿರ ಹೋಗಿದ್ರಾ?"

"ಆ ಮಗು ಹೋದ ಮೇಲೆ ಅದರ ನೆರಳಿಗೂ ಹೋಗಿಲ್ಲಮ್ಮ. ಹಲಸಿನ ಒಂದು ತೊಳೇನೂ ಮನೆಯೊಳಕ್ಕೆ ಬಂದಿಲ್ಲ." ಮಾತಿನ ನಡುವೆ ಅವರ ಎಡಗೈ ಬಲಗೈಯ ಚಿನ್ನದ ಬಳೆಯನ್ನು ಉಗುರಿನಿಂದ ಕೆರೆಯುತ್ತಿತ್ತು.

ಸುಚಿತ್ರಾ ಅವರ ಎದುರು ನೆಲದ ಮೇಲೆಯೇ ಕೂತಳು. ವಿಜಯ್‌ಕುಮಾರ್ ಮೆಟ್ಟಿಲ ಬಳಿ ನಿಂತಿದ್ದ. ಅವನ ಹಿಂದೆ ಹೆಂಡತಿ ತೇಜಸ್ವಿನಿಯೂ ಬಂದು ನಿಂತಿದ್ದಳು.

"ಕೃಷ್ಣಪ್ಪ, ಹಲಸಿನ ಕೊಂಬೆ ಸೀಳಿದ್ರೆ ಏನು ಸುರಿಯುತ್ತೆ?"

"ಬಿಳೀ ಮೇಣ, ಮೇಡಂ."

"ಸುರಿದಿದೆ. ಯಜಮಾನರ ತಲೆಯ ಗಾಯದ ಮೇಲೂ ತೊಟ್ಟಿಕ್ಕಿದೆ. ಯಾವ ಬಣ್ಣ ಇತ್ತು ನೋಡಿದ್ರಾ?"

"ಬಿಳಿಯೇ…"

"ಅದೇ ಎಲ್ಲರೂ ನೋಡಿ ನೋಡದೇ ಹೋಗಿದ್ದು! ಕೊಂಬೆ ಬಿದ್ದು ತಲೆ ಒಡೆದಿದ್ರೆ ರಕ್ತ, ಮೇಣ ಒಂದೇ ಗಳಿಗೆಯಲ್ಲಿ ಹರಿದು ಕಲೆಸಿಹೋಗ್ತಿತ್ತು. ಇಲ್ಲಿ ರಕ್ತ ಕಪ್ಪಗೆ ಹೆಪ್ಪುಗಟ್ಟಿದೆ. ಅದರ ಮೇಲೆ ಮೇಣ ಬೆಳ್ಳಗೆ ಕೂತಿದೆ. ಅಂದ್ರೆ ಕೊಂಬೆ ಬಿದ್ದದ್ದು ಹೆಣದ ಮೇಲೆ. ತಲೆ ಒಡೆದದ್ದು ಅದಕ್ಕೂ ಮುಂಚೆ—ಕೊಡಲಿಯ ಹಿಂಬದಿಯಿಂದ. ಅಷ್ಟು ಭಾಗ ಮಾತ್ರ ತೊಳೆದಿದ್ದಾರೆ."

ಸುಚಿತ್ರಾ ಮರದ ಬುಡದ ಕಡೆ ಬೆರಳು ತೋರಿಸಿದಳು.

"ಆಮೇಲೆ ಹಗ್ಗದ ತುದಿ ಎಳೆದರು. ಹಗ್ಗದ ತುಂಬ ಮೇಣ, ಹಳದಿ ಹೊಟ್ಟು. ಕೈಗೆ ಅಂಟಿದ ಮೇಣ ಸೋಪಿಗೆ ಹೋಗಲ್ಲ. ಎಣ್ಣೆ ಬೇಕು ಅಂತ ಹಲಸು ಬಿಡಿಸಿದ ಪ್ರತಿಯೊಬ್ಬರಿಗೂ ಗೊತ್ತು. ಎಣ್ಣೆ ಹಚ್ಚಿ ಕೈ ತಿಕ್ಕಿದ್ರೆ ಚರ್ಮ ಶುದ್ಧವಾಗುತ್ತೆ. ಆದ್ರೆ ಕೆತ್ತನೆ ಬಳೆಯ ಸಂದಿ?" ಸುಚಿತ್ರಾ ಕೈ ಚಾಚಿದಳು. "ಬಲಗೈ ಕೊಡಿ, ನಾಗಮಣಿಯಮ್ಮ."

ಬಳೆಯ ಹೂಬಳ್ಳಿಯ ಒಳಗೆ ಮೇಣ ಗಟ್ಟಿಯಾಗಿತ್ತು. ಮೇಣದೊಳಗೆ ಅರಿಶಿನದಂಥ ಹೊಟ್ಟು. ಕೈಯಿಂದ ತೆಂಗಿನೆಣ್ಣೆ ವಾಸನೆ ಬರುತ್ತಿತ್ತು.

"ಮರದ ನೆರಳಿಗೂ ಹೋಗದವರ ಬಳೆಗೆ ಇದು ಎಲ್ಲಿಂದ ಬಂತು?"

ನಾಗಮಣಿ ಕೈ ಎಳೆದುಕೊಳ್ಳಲಿಲ್ಲ.

"ಮೆಟ್ಟಿಲ ಮೇಲೆ ಬಿದ್ದಿದ್ದ ನಂಜಯ್ಯನ ರಕ್ತ ಒರೆಸಿ ಬಂದು ಕೇಳಿದೆ," ಎಂದರು, ಪಾಠ ಒಪ್ಪಿಸುವಂತೆ. "ಇನ್ನೂ ಎಷ್ಟು ಜನ ಸಾಯಬೇಕು ನಿಮ್ಮ ಮರಕ್ಕೆ ಅಂತ. ನಕ್ಕರು. ಆ ಹುಡುಗಿ ಹಣ್ಣು ಕದಿಯೋಕೆ ಬಂದಿದ್ದಳು, ಕಳ್ಳಿಗೆ ತಕ್ಕದ್ದೇ ಆಯ್ತು ಅಂದ್ರು. ಕಳ್ಳಿ! ಅವತ್ತು ಲಹರಿ ಪಾಠಕ್ಕೆ ಬರ್ತಿದ್ದಳು. ಬಾಯಲ್ಲಿ ಸರಳೆ ಹೇಳ್ಕೊಂಡೇ ಬರ್ತಿದ್ದಳು—ನಾನು ಈ ಜಗುಲಿಯಲ್ಲೇ ಕೂತು ಕೇಳ್ತಿದ್ದೆ. ಅರ್ಧಕ್ಕೆ ನಿಂತುಹೋಯ್ತು." ಅವರು ಮರದ ಬುಡದತ್ತ ಬೆರಳು ಚಾಚಿದರು. "ಕೊಡಲಿ ಅಲ್ಲೇ ಬಿದ್ದಿತ್ತು. ಒಂದು ಸಲ ಹೊಡೆದೆ. ತಿರುಗಿ ನೋಡಿದ್ರು. ಇನ್ನೂ ಎರಡು ಸಲ ಹೊಡೆದೆ. ಬಹಳ ಹೊತ್ತು ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಹಗ್ಗ ಕಣ್ಣಿಗೆ ಬಿತ್ತು."

"ನಂಜಯ್ಯನ್ನ ಜನ ಹೊಡೆಯುವಾಗ?"

ನಾಗಮಣಿ ಮೊದಲ ಸಲ ತಲೆ ತಗ್ಗಿಸಿದರು. "ನೋಡ್ತಾ ಕೂತಿದ್ದೆ. ನಾನೇ ಕರೆಸಿದ ಮನುಷ್ಯ. ಬಾಯಿ ತೆರೀಲಿಲ್ಲ ಕಣಮ್ಮ."

ಮೆಟ್ಟಿಲ ಬಳಿಯಿಂದ ತೇಜಸ್ವಿನಿ ಮೇಲೆ ಬಂದಳು. ನಾಗಮಣಿ ಅವಳತ್ತ ಎರಡೂ ಕೈ ಚಾಚಿದರು. ತೇಜಸ್ವಿನಿ ಆ ಕೈ ಹಿಡಿಯಲಿಲ್ಲ.

"ಮಚ್ಚು ಹಿಡ್ಕೊಂಡಿದ್ದ ನನ್ನ ಗಂಡನ ಕಾಲು ನಾನು ಯಾಕೆ ಕಟ್ಕೊಂಡಿದ್ದೆ ಆಂಟಿ? ನನ್ನ ಮಗಳ ಹೆಸರಲ್ಲಿ ಇನ್ನೊಂದು ಹೆಣ ಬೀಳಬಾರದು ಅಂತ. ನಿಮ್ಮನ್ನ ಯಾರು ಕೇಳಿದ್ರು?"

ಚಾಚಿದ ಕೈಗಳು ಮಡಿಲಿಗೆ ಇಳಿದವು. ಮಹಿಳಾ ಪೇದೆ ನಾಗಮಣಿಯವರ ತೋಳು ಹಿಡಿದು ಎಬ್ಬಿಸಿದಳು.

ಕೃಷ್ಣಪ್ಪನ ಫೋನ್ ಬಡಿದುಕೊಂಡಿತು. ಆಸ್ಪತ್ರೆಯಿಂದ.

"ನಂಜಯ್ಯನ ಜೀವಕ್ಕೆ ಅಪಾಯ ಇಲ್ಲವಂತೆ ಮೇಡಂ. ಆದ್ರೆ ಬಲಗೈ ನಜ್ಜುಗುಜ್ಜಾಗಿದೆ. ಇನ್ಮೇಲೆ ಮರ ಹತ್ತೋದು ಸುಳ್ಳು ಅಂದ್ರು. ಹೆಂಡ್ತಿ ಊರಿಂದ ಬರೋವರೆಗೆ ಜೊತೇಲಿ ಯಾರೂ ಇಲ್ಲವಂತೆ."

ವಿಜಯ್‌ಕುಮಾರ್ ಹೆಣದ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿದ.

"ಯಾವ ವಾರ್ಡು, ಕೇಳಿ ಹೇಳ್ತೀರಾ?" ಎಂದಳು ತೇಜಸ್ವಿನಿ. ಗಂಡನ ಕಡೆ ತಿರುಗಿ, "ಗಾಡಿ ತೆಗೀರಿ. ನಂಜಯ್ಯನ ಹೆಂಡ್ತಿ ಬರೋವರೆಗೆ ನಾವು ಇರೋಣ," ಎಂದು ಮೆಟ್ಟಿಲಿಳಿದಳು.