ಪುಟ್ಟಲಿಂಗಮ್ಮನ ಹೆಪ್ಪು

ಒಂದೂರಲ್ಲಿ ಒಬ್ಬ ಮುದುಕಿ ಇದ್ದಳಂತೆ. ಬೇರೆ ಕಥೆಗಳಲ್ಲಿ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದೆ. ಈ ಮುದುಕಿಯ ಜೀವ ಮಾತ್ರ ಅಡುಗೆಮನೆ ಮೂಲೆಯ ಮಣ್ಣಿನ ಕುಡಿಕೆಯಲ್ಲಿತ್ತಂತೆ.

ಊರು ಮೈಸೂರು. ಮನೆ ಮೇಟಗಳ್ಳಿಯಲ್ಲಿ. ಮುದುಕಿ ನನ್ನ ಅಜ್ಜಿ, ಪುಟ್ಟಲಿಂಗಮ್ಮ. ಮದುವೆಯಾಗಿ ಬರುವಾಗ ತವರಿನಿಂದ ಹೆಪ್ಪು ತಂದವಳು, ಐವತ್ತಾರು ವರ್ಷ ಅದೇ ಹೆಪ್ಪಿನಲ್ಲಿ ಮೊಸರು ಹಾಕಿದಳು. ದಿನಾ ಬೆಚ್ಚಗಿನ ಹಾಲಿಗೆ ಹಿಂದಿನ ದಿನದ ಮೊಸರು ಒಂದು ಚಮಚ. ಅವಳು ಹಾಸಿಗೆ ಹಿಡಿದ ಮೇಲೆ ಆ ಚಮಚ ನನ್ನ ಕೈಗೆ ಬಂತು.

ಒಂದು ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದಳು. “ನನ್ ಹನ್ನೊಂದರ ಎಡೆಗೆ ನನ್ ಮೊಸ್ರೇ ಇಡ್ಬೇಕು ಕಣವ್ವ ಗಗನ. ಅಂಗಡಿ ಪಾಕೀಟು ಇಟ್ಟೀಯ ಮತ್ತೆ. ನಂಗೆ ಸೇರಕಿಲ್ಲ.”

“ಇಡ್ತೀನಿ ಅಜ್ಜಿ” ಅಂದೆ.

ಅವಳು ಹೋದ ದಿನ, ಮಣ್ಣು ಮಾಡಿ ಬರುವಷ್ಟರಲ್ಲಿ ದೊಡ್ಡಮ್ಮ ಬೆಟ್ಟಮ್ಮ ಅಡುಗೆಮನೆ ತೊಳೆಸಿದ್ದರು. ಸೂತಕದ ಮನೆಯಲ್ಲಿ ಹಳೆಯದೇನೂ ಉಳಿಯಬಾರದಲ್ಲ. ಅನ್ನ, ಸಾರು, ಹಾಲು ಎಲ್ಲ ಚೆಲ್ಲಿಯಾಗಿತ್ತು. ಕುಡಿಕೆ ಹಿತ್ತಲ ಕಲ್ಲಿನ ಮೇಲೆ ಬೋರಲು ಬಿದ್ದಿತ್ತು.

ತಪ್ಪು ದೊಡ್ಡಮ್ಮನದಲ್ಲ. ಬೆಳಿಗ್ಗೆಯೇ ಪಕ್ಕದ ಮನೆಗೆ ಒಂದು ಲೋಟ ಮೊಸರು ಕೊಟ್ಟಿಡಬೇಕಿತ್ತು, ನಾನು ಮರೆತಿದ್ದೆ. ಕುಡಿಕೆಯನ್ನು ನೋಡುತ್ತಾ ನಿಂತೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಯಾರೋ ಕಾಫಿ ಕೊಟ್ಟರು, ಕುಡಿದೆ. ಅದಕ್ಕೆ ಸಕ್ಕರೆ ಹಾಕಿಲ್ಲವೆಂದು ಅವರೇ ಬಂದು ಹೇಳಬೇಕಾಯಿತು.

ಮೂರನೆಯ ದಿನ ಯಶಸ್ ಬಂದ.

ಯಶಸ್ ವಿಶ್ವವಿದ್ಯಾಲಯದ ಗಂಗೋತ್ರಿ ಕ್ಯಾಂಪಸ್ಸಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುವವನು. ದೂರಶಿಕ್ಷಣದ ವಿದ್ಯಾರ್ಥಿಗಳಿಗೆಂದು ಜೀವರಸಾಯನದ ಪಾಠಗಳನ್ನು ನಾನು ಕನ್ನಡಕ್ಕೆ ತರುತ್ತಿದ್ದೆ, ಅವನು ತಿದ್ದುತ್ತಿದ್ದ. ಕಾರ್ಬನ್ನಿಗೆ ನಾಲ್ಕು ಕೈ, ಒಂದೂ ಸುಮ್ಮನಿರುವುದಿಲ್ಲ, ಹಿಡಿಯಲು ಇನ್ನೊಂದು ಕೈ ಹುಡುಕುತ್ತಲೇ ಇರುತ್ತದೆ ಎಂದು ಬರೆದಿದ್ದೆ. ಅವನು ಅಂಚಿನಲ್ಲಿ ಪೆನ್ಸಿಲ್ಲಿನಿಂದ, ‘ಇದು ಪಾಠವೋ ಪ್ರೇಮಪತ್ರವೋ?’ ಎಂದು ಗೀಚಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಸಾಲನ್ನು ಮಾತ್ರ ಹಾಗೇ ಬಿಟ್ಟಿದ್ದ.

ಹಾಲು ಮೊಸರಾಗುವ ಪಾಠ ಬಂದಾಗ ಅಜ್ಜಿಯ ಹೆಪ್ಪಿನ ಕಥೆ ಹೇಳಿ, ಒಂದು ಡಬ್ಬಿ ಮೊಸರು ಕೊಟ್ಟೆ. ಮರುದಿನ ಡಬ್ಬಿ ತೊಳೆದು ತಂದ. “ಚೆನ್ನಾಗಿತ್ತು. ಹುಳಿ ಸ್ವಲ್ಪ ಜಾಸ್ತಿ.” ಐವತ್ತಾರು ವರ್ಷದ ಕಥೆಗೆ ಇಷ್ಟೇನಾ ಅನ್ನಿಸಿತು. ಮೂರು ವಾರ ಅವನ ಫೋನು ಎತ್ತಲಿಲ್ಲ.

ಈಗ ಅವನು ಜಗುಲಿಯ ಮೇಲೆ ಕೂತಿದ್ದ. ಅವನಿಗೆ ಎಲ್ಲವನ್ನೂ ಹೇಳಿದೆ, ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ. ಕುಡಿಕೆ ಚೆಲ್ಲಿಹೋಯಿತು ಅಂದಾಗ ಅವನು ಥಟ್ಟನೆ ಎದ್ದು, ಹನ್ನೊಂದನೇ ದಿನ ಯಾವತ್ತು ಎಂದು ಕೇಳಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಒಂದು ಸಮಾಧಾನದ ಮಾತೂ ಇಲ್ಲ. ಬೇಜಾರಾಗಬೇಕಿತ್ತು. ಅದೂ ಆಗಲಿಲ್ಲ.

ಹತ್ತನೆಯ ದಿನ ಸಂಜೆ ಮತ್ತೆ ಬಂದ. ಕೈಯಲ್ಲಿ ಟವೆಲ್ ಸುತ್ತಿದ ಸ್ಟೀಲ್ ಡಬ್ಬಿ. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಅಡುಗೆಮನೆ ಬಾಗಿಲಲ್ಲಿ ನಿಂತು ಮುಚ್ಚಳ ತೆಗೆದ.

ಮೊಸರು.

“ನಿಮ್ಮ ಅಜ್ಜೀದೇ” ಅಂದ. “ಆವತ್ತು ಪೂರ್ತಿ ತಿಂದಿರ್ಲಿಲ್ಲ ಕಣ್ರೀ. ಎರಡು ಚಮಚ ಲ್ಯಾಬಿನ ಫ್ರೀಜರ್‌ಗೆ ಹಾಕಿದ್ದೆ. ಮೈನಸ್ ಎಂಬತ್ತು ಡಿಗ್ರಿ.”

ಸತ್ತಿರುವುದಿಲ್ಲವೇ ಎಂದು ಕೇಳಿದೆ.

“ಸತ್ತಿಲ್ಲ. ನಿಂತಿತ್ತು. ಅಷ್ಟು ಚಳೀಲಿ ಜೀವದ ಕೆಲಸ ಎಲ್ಲಾ ನಿಂತುಬಿಡುತ್ತೆ.”

ಮನೆಗೆ ಒಯ್ದು ಹಾಲಿಗೆ ಹಾಕಿದನಂತೆ. ಮೂರು ದಿನ ಹಾಲು ಹಾಲಾಗಿಯೇ ಇತ್ತಂತೆ. ನಾಲ್ಕನೆಯ ದಿನ ಅಂಚಿನಲ್ಲಿ ಸ್ವಲ್ಪ ಗಟ್ಟಿಯಾಯಿತಂತೆ. ಅಲ್ಲಿಂದ ದಿನಾ ಹೊಸ ಹಾಲು. ನಿನ್ನೆ ತಾನೇ ತಿಂದು ನೋಡಿ, ಇವತ್ತೂ ಬದುಕಿದ್ದೇನೆಂದು ಖಾತ್ರಿ ಮಾಡಿಕೊಂಡು ಬಂದಿದ್ದನಂತೆ.

ಜಗುಲಿಯಲ್ಲಿ ಕೂತಿದ್ದಾಗಲೇ ಯಾಕೆ ಹೇಳಲಿಲ್ಲ ಅಂದೆ.

“ಬದುಕುತ್ತೋ ಇಲ್ವೋ ಗೊತ್ತಿರ್ಲಿಲ್ಲ. ನಿಮಗೆ ಎರಡನೇ ಸಲ ಸಾವು ತೋರಿಸೋದು ಬೇಡ ಅನ್ನಿಸ್ತು.”

ನಾನು ಕುಡಿಕೆ ತೊಳೆದು, ಹಾಲು ಕಾಯಿಸಿ ಅದಕ್ಕೆ ಬಗ್ಗಿಸಿದೆ. ಆರಿದ ಮೇಲೆ ಕಿರುಬೆರಳು ಅದ್ದಿ ನೋಡುವುದು ಅಜ್ಜಿಯ ಕ್ರಮ. ಬೆರಳಿಗೆ ಹಿತವೆನಿಸಬೇಕು, ಚುರುಕ್ ಅನ್ನಬಾರದು. ಅದ್ದಿದೆ. ಬಿಸಿಯೋ ತಣ್ಣಗೋ ಗೊತ್ತಾಗಲಿಲ್ಲ. ಇನ್ನೊಮ್ಮೆ ಅದ್ದಿದೆ.

“ನನಗೆ ತಿಳೀತಿಲ್ಲ. ನೀವು ನೋಡಿ.”

ಅವನು ಕೈ ತೊಳೆದು ಬಂದ. ಪುಟ್ಟ ಕುಡಿಕೆ. ನಾನು ಬೆರಳು ತೆಗೆಯುವ ಮೊದಲೇ ಅವನ ಬೆರಳು ಹಾಲಿಗಿಳಿಯಿತು. ಹಾಲಿನೊಳಗೆ ಎರಡು ಕಿರುಬೆರಳು, ಮಧ್ಯೆ ಒಂದು ಎಳೆಯಷ್ಟು ಜಾಗ.

“ಸರಿಯಾಗಿದೆ” ಅಂದ. ಬೆರಳು ತೆಗೆಯಲಿಲ್ಲ.

ಹಾಲಿನ ಪ್ರೋಟೀನಿನ ಕಣಗಳು ಮೊದಲು ಒಂದನ್ನೊಂದು ದೂರ ತಳ್ಳುತ್ತವೆ, ಹೆಪ್ಪಿನ ಜೀವಾಣುಗಳು ಸಕ್ಕರೆ ತಿಂದು ಹುಳಿ ಬಿಟ್ಟಾಗ ಆ ಮುನಿಸು ಕರಗಿ ಕೂಡಿಕೊಳ್ಳುತ್ತವೆ ಎಂದು ನಾನೇ ಪಾಠದಲ್ಲಿ ಬರೆದಿದ್ದೆ. ಅದು ಅವನಿಗೂ ನೆನಪಾಗಿರಬೇಕು, ನಕ್ಕ.

ಯಾಕೆ ಎತ್ತಿಟ್ಟಿರಿ ಎಂದು ಕೇಳಿದೆ. ಅವನು ಹಾಲನ್ನೇ ನೋಡುತ್ತಿದ್ದ.

“ಕಥೆ ಹೇಳ್ತಾ ಹೇಳ್ತಾ ಟೈಮಾಯ್ತು ಅಂತ ಎದ್ದು ಹೋದ್ರಿ. ನಿಮ್ಮನ್ನ ಇಟ್ಕೊಳೋಕೆ ಆಗ್ಲಿಲ್ಲ. ಇದನ್ನ ಇಟ್ಕೊಂಡೆ.”

ಹೊರಗೆ ದೊಡ್ಡಮ್ಮ ನಾಳೆಯ ಬಾಳೆಲೆ ಎಣಿಸುತ್ತಿದ್ದ ಸದ್ದು ಕೇಳುತ್ತಿತ್ತು.

“ನನಗೀಗ ಏನೂ ಅನ್ನಿಸ್ತಿಲ್ಲ ಯಶಸ್. ಸಂತೋಷಾನೂ ಇಲ್ಲ.”

“ಗೊತ್ತು” ಅಂದ. “ಅದೂ ಮೂರು ದಿನ ಹಾಗೇ ಇತ್ತು. ನಾನು ದಿನಾ ಮುಚ್ಚಳ ತೆಗೆದು ನೋಡ್ತಿದ್ದೆ ಅಷ್ಟೆ. ನೋಡ್ತಾ ಇರ್ಲಾ?”

ನಾನು ತಲೆಯಾಡಿಸಿದೆ. ಆಮೇಲೆ, ತಲೆಯಾಡಿಸಿದರೆ ಎರಡೂ ಅರ್ಥ ಬರಬಹುದೆಂದು ಬಾಯಿಬಿಟ್ಟೇ ಹೇಳಿದೆ. “ಹೂಂ. ಇರಿ.”

ಒಂದು ಚಮಚ ಹೆಪ್ಪು ಹಾಕಿ, ಅವನ ಟವೆಲನ್ನೇ ಸುತ್ತಿ, ಒಲೆಯ ಪಕ್ಕ ಇಟ್ಟೆ.

ಬೆಳಿಗ್ಗೆ ಎದ್ದವಳೇ ಕುಡಿಕೆ ಓರೆ ಮಾಡಿ ನೋಡಿದೆ. ಅಲುಗಲಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಅಜ್ಜಿಯ ಫೋಟೊದ ಮುಂದೆ ಎಡೆ ಹಾಕಿದರು. ಅನ್ನ, ಸಾರು, ಪಾಯಸ, ಅವಳ ಎಲೆಅಡಿಕೆ. ಕೊನೆಗೆ ದೊಡ್ಡಮ್ಮ ಮೊಸರಿನ ಪಾಕೀಟಿನ ತುದಿ ಕತ್ತರಿಸಲು ಕತ್ತರಿ ತೆಗೆದರು.

“ಇರ್ಲಿ ಬುಡಿ ದೊಡ್ಡಮ್ಮ. ಅಜ್ಜೀದೇ ಐತೆ.”

ಅವರು ನನ್ನ ಕೈಯಲ್ಲಿದ್ದ ಕುಡಿಕೆ ನೋಡಿದರು. ಬಾಗಿಲ ಬಳಿ ನಿಂತಿದ್ದ ಯಶಸ್‌ನನ್ನು ನೋಡಿದರು. ಕತ್ತರಿ ಕೆಳಗಿಟ್ಟರು.

ಚಮಚದಿಂದ ಮೊಸರು ತೆಗೆದೆ. ಒಂದು ತುಣುಕು ಬೆರಳಿಗೆ ತಾಗಿತು. ತಣ್ಣಗಿತ್ತು. ತಣ್ಣಗಿದೆ ಎಂದು ಗೊತ್ತಾಯಿತು. ನಾಲಿಗೆಗೆ ಹಚ್ಚಿಕೊಳ್ಳಲಿಲ್ಲ, ಮೊದಲು ಅವಳಿಗೆ. ಎಲೆಯ ಮೇಲೆ ಅನ್ನದ ಪಕ್ಕ ಅಜ್ಜಿಯ ಮೊಸರು ಬಡಿಸಿದೆ.