ಆರರಲ್ಲಿ ಐದು ಪಾಲು

ಬಹಳ ಹಿಂದೆ, ಬೆಟ್ಟಗಳ ಆಚೆ ಮಂಜಾಲಗಿರಿ ಎಂಬ ರಾಜ್ಯವಿತ್ತು. ಅಲ್ಲಿ ರೊಟ್ಟಿ ಮುರಿಯುವುದೆಂದರೆ ಅಪಶಕುನ. ಒಬ್ಬೊಬ್ಬರಿಗೂ ಪುಟ್ಟದೊಂದು ಇಡೀ ರೊಟ್ಟಿ. ಪಾಲು ಮಾಡಿ ತಿಂದು ಗೊತ್ತೇ ಇಲ್ಲದ ಜನ.

ಒಂದು ದಿನ ಧೂಮಕೇಶನೆಂಬ ಮಾಯಾವಿ ಅರಮನೆಗೆ ಬಂದ. "ಮಕ್ಕಳ ಆಯುಷ್ಯದಲ್ಲಿ ಅರ್ಧ ಕೊಡಿ. ಜೊತೆಗೆ ಇಡೀ ಆಯುಷ್ಯದ ಮೂರನೇ ಒಂದು ಪಾಲನ್ನೂ ಕೊಡಿ. ಇಲ್ಲವಾದರೆ ಊರು ಸುಡುತ್ತೇನೆ" ಎಂದ.

ರಾಜ ಬೆರಳು ಮಡಿಚಿದ. "ಎರಡರಲ್ಲಿ ಒಂದು, ಮೂರರಲ್ಲಿ ಒಂದು. ಒಂದೂ ಒಂದೂ ಎರಡು, ಎರಡೂ ಮೂರೂ ಐದು. ಐದರಲ್ಲಿ ಎರಡು ತಾನೇ? ಹೋಗಲಿ, ಮೂರು ಉಳಿಯುತ್ತದಲ್ಲ!" ಎಂದು ಒಪ್ಪಿಬಿಟ್ಟ. ಅರ್ಧವನ್ನೇ ಕೊಟ್ಟು, ಮೇಲೆ ಇನ್ನಷ್ಟು ಕೊಟ್ಟರೆ ಒಟ್ಟು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆಂದು ಆ ತುಂಬಿದ ಸಭೆಯಲ್ಲಿ ಒಂದು ತಲೆಗೂ ಹೊಳೆಯಲಿಲ್ಲ.

ಮಾಯಾವಿ ನಕ್ಕ. "ನಾನು ಒಯ್ದದ್ದು ಒಟ್ಟು ಎಷ್ಟೆಂದು ಸರಿಯಾಗಿ ಹೇಳಿದರೆ ಎಲ್ಲ ಹಿಂತಿರುಗಿಸುತ್ತೇನೆ. ತಪ್ಪು ಹೇಳಿದವರು ಕಲ್ಲಾಗುತ್ತಾರೆ."

ಮಕ್ಕಳ ತಲೆ ನರೆಯಿತು. ಬೆನ್ನು ಬಾಗಿತು. ಊರ ಬಿದಿರೆಲ್ಲ ಪುಟ್ಟ ಪುಟ್ಟ ಚಟ್ಟಗಳಿಗೇ ಮುಗಿಯಿತು. ಮಂತ್ರಿ ಮಾಯಾವಿಯ ಗುಹೆಗೆ ಹೋಗಿ "ಐದರಲ್ಲಿ ಎರಡು" ಎಂದ, ಕಲ್ಲಾದ. ಸೇನಾಪತಿ ಹೋಗಿ ಅದನ್ನೇ ಇನ್ನೂ ಜೋರಾಗಿ ಹೇಳಿದ, ಅವನೂ ಕಲ್ಲಾದ.

ಆಗಲೇ ಹರೆಯಕ್ಕೆ ಬಂದಿದ್ದ ಕುಂಬಾರರ ಮನೆಯ ಮಂಚಲೆಗೆ ತನ್ನವನೆಂದು ಇದ್ದವನು ತಮ್ಮ ಬೊಪ್ಪ ಒಬ್ಬನೇ. ಅವನ ಹಲ್ಲೆಲ್ಲ ಉದುರಿದ್ದವು.

"ಅಕ್ಕಾ, ಅಗಿಯೋಕಾಗಲ್ಲ" ಎಂದು ಅತ್ತ.

ಶಕುನ ಹಾಳಾಗಲಿ ಎಂದುಕೊಂಡು ಅವಳು ಬೊಪ್ಪನ ರೊಟ್ಟಿಯನ್ನು ಎರಡು ತುಂಡು ಮಾಡಿದಳು. ಅದೂ ದೊಡ್ಡದೆನಿಸಿ, ತನ್ನ ರೊಟ್ಟಿಯನ್ನು ಮೂರು ಮಾಡಿದಳು. ಅರ್ಧದ ಪಕ್ಕ ಮೂರನೇ ಪಾಲನ್ನಿಟ್ಟು ನೋಡಿದರೆ ಒಂದು ದೊಡ್ಡದು, ಒಂದು ಚಿಕ್ಕದು. ಮಾಯಾವಿ ಒಯ್ದದ್ದೂ ಇವೇ ಎರಡು ಪಾಲಲ್ಲವೇ, ಇವನ್ನು ಕೂಡಿಸುವುದಾದರೂ ಹೇಗೆ? ಎರಡನ್ನೂ ಒಂದೇ ಅಳತೆಯ ಚೂರು ಮಾಡಿದಳು. ಇಡೀ ರೊಟ್ಟಿಗೆ ಅಂಥವು ಆರು. ಅರ್ಧದಲ್ಲಿ ಮೂರು, ಮೂರನೇ ಪಾಲಿನಲ್ಲಿ ಎರಡು. ತಮ್ಮನಿಗೆ ಉಳಿದಿದ್ದ ಆಯುಷ್ಯ ಒಂದೇ ಒಂದು ಚೂರು!

ಗುಹೆಗೆ ಓಡಿದಳು.

"ನೀನೂ ಕಲ್ಲಾಗಲು ಬಂದೆಯಾ, ಹುಡುಗಿ?"

"ಆರರಲ್ಲಿ ಐದು ಪಾಲು ನುಂಗಿದ್ದೀಯ, ಪಾಪಿ. ಕಕ್ಕು!"

ಮಾಯಾವಿಯ ಬಾಯಿಂದ ಮಕ್ಕಳ ಆಯುಷ್ಯವೆಲ್ಲ ಹೊರಬಂತು. ಕೊನೆಗೆ ಅವನು ಹಿಡಿ ಬೂದಿಯಾದ. ಕಲ್ಲಾದವರು ಎದ್ದರು. ಬೊಪ್ಪನ ಒಸಡಿನಲ್ಲಿ ಹಲ್ಲು ಮೂಡಿತು.

ರಾಜ ಮಂಚಲೆಯನ್ನು ಆನೆಯ ಮೇಲೆ ಮೆರೆಸಿದ. ಅವಳು ಇಳಿದಾಗ ಒಬ್ಬ ತಾಯಿ ಬಂದು ಕೈ ಹಿಡಿದಳು. "ನನ್ನ ಮಗೂನ ಮೊನ್ನೆ ಮಣ್ಣು ಮಾಡಿದ್ವಮ್ಮಾ. ಅದರ ಐದು ಪಾಲು ಯಾರ ಹತ್ರ ಬಂತು?"

ಮಂಚಲೆ ಅವಳನ್ನು ತಬ್ಬಿಕೊಂಡು ಅತ್ತಳು.

ಉಳಿದವರೆಲ್ಲ ಬಹುಕಾಲ ಸುಖವಾಗಿ ಬಾಳಿದರು.